ಮೂವತ್ತು ದಾಟಿದ ಮೇಲೆ ಟೈಪ್ ಒನ್: ಮೊದಲ ವರ್ಷ ದಾಟುವುದು ಹೇಗೆ?

ಮೂವತ್ತೆಂಟರ ತೆಳ್ಳಗಿನ ಮನುಷ್ಯನಿಗೆ ಶುಗರ್ 320 ಬಂದರೆ ನಮ್ಮಲ್ಲಿ ಮುಂದೇನಾಗುತ್ತದೆ ಎಂಬುದು ಬಹುತೇಕ ಗೊತ್ತಿರುವ ಕಥೆ. ಮೆಟ್‌ಫಾರ್ಮಿನ್ ಮಾತ್ರೆ, ಅನ್ನ ಕಡಿಮೆ ಮಾಡಿ ಎಂಬ ಸಲಹೆ, ಬೆಳಿಗ್ಗೆ ವಾಕಿಂಗ್. ಮೂರು ತಿಂಗಳಾದರೂ ಶುಗರ್ ಜಗ್ಗುವುದಿಲ್ಲ. ಒಂದು ಮಾತ್ರೆ ಎರಡಾಗುತ್ತದೆ, ಎರಡು ಮೂರಾಗುತ್ತದೆ. ಪ್ಯಾಂಟು ಸಡಿಲವಾಗುತ್ತಲೇ ಇರುತ್ತದೆ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕು. ಕದ್ದು ಸಿಹಿ ತಿನ್ನುತ್ತಿರಬೇಕು ಎಂದು ಮನೆಯವರಿಗೂ ಅನುಮಾನ, ಡಾಕ್ಟರಿಗೂ ಅನುಮಾನ.

ತಪ್ಪು ರೋಗಿಯದ್ದಲ್ಲ, ಕಾಯಿಲೆಗೆ ಇಟ್ಟ ಹೆಸರಿನದ್ದು. ಟೈಪ್ ಒನ್ ಮಧುಮೇಹ ಮಕ್ಕಳಿಗಷ್ಟೇ ಬರುತ್ತದೆ ಎಂಬುದು ಹಳೆಯ ನಂಬಿಕೆ. ಪಾಕಿಸ್ತಾನದ ಕ್ರಿಕೆಟಿಗ ವಾಸಿಂ ಅಕ್ರಂಗೆ ಅದು ಗೊತ್ತಾಗಿದ್ದು 1997ರಲ್ಲಿ, ಮೂವತ್ತರ ಆಸುಪಾಸಿನಲ್ಲಿ. ಇನ್ಸುಲಿನ್ ತೆಗೆದುಕೊಳ್ಳುತ್ತಲೇ 1999ರ ವಿಶ್ವಕಪ್ ಫೈನಲ್‌ಗೆ ತಂಡವನ್ನು ಒಯ್ದರು. ಮುಂದೆ ಬ್ರಿಟನ್ ಪ್ರಧಾನಿಯಾದ ಥೆರೆಸಾ ಮೇ ಅವರಿಗೆ 2012ರಲ್ಲಿ, 56ನೇ ವಯಸ್ಸಿನಲ್ಲಿ ಮೊದಲು ಟೈಪ್ ಟೂ ಎಂದೇ ಮಾತ್ರೆ ಕೊಟ್ಟಿದ್ದರು. ಮಾತ್ರೆ ನಾಟದೆ ಮತ್ತೆ ಪರೀಕ್ಷೆ ಮಾಡಿದಾಗ ಹೊರಬಿದ್ದದ್ದು ಟೈಪ್ ಒನ್.

ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲೆ ಬೀಳುವುದು ಈ ಕಾಯಿಲೆಯ ಮೂಲ. ಮಕ್ಕಳಲ್ಲಿ ಇದು ಹೆಚ್ಚಾಗಿ ಬೇಗ ಮುಗಿದುಹೋಗುತ್ತದೆ. ದೊಡ್ಡವರಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಎಳೆಯುತ್ತದೆ. ಈ ನಿಧಾನಗತಿಯ ಬಗೆಯನ್ನು ವೈದ್ಯರು 'ಲಾಡಾ' ಎನ್ನುತ್ತಾರೆ. ಮೊದಲ ವರ್ಷ ಎರಡೆರಡು ಸಲ ದಾರಿ ತಪ್ಪಿಸುವುದೂ ಈ ನಿಧಾನದಿಂದಲೇ. ಮೊದಲಿಗೆ ಟೈಪ್ ಟೂ ವೇಷದಲ್ಲಿ ಬರುತ್ತದೆ. ಆಮೇಲೆ ವಾಸಿಯಾದಂತೆ ನಟಿಸುತ್ತದೆ.

ಮೊದಲು ಹೆಸರು ಖಚಿತವಾಗಲಿ

ಮೈಯಲ್ಲಿ ಬೊಜ್ಜಿಲ್ಲ, ತೂಕ ತಾನಾಗಿಯೇ ಇಳಿಯುತ್ತಿದೆ, ಮಾತ್ರೆಗೆ ಶುಗರ್ ಬಗ್ಗುತ್ತಿಲ್ಲ, ಮನೆಯಲ್ಲಿ ಯಾರಿಗೋ ಥೈರಾಯ್ಡ್ ಅಥವಾ ತೊನ್ನು ಇದೆ. ಇವುಗಳಲ್ಲಿ ಎರಡು ಹೊಂದಿದರೂ ವೈದ್ಯರ ಬಳಿ ಎರಡು ಪರೀಕ್ಷೆಗಳ ಮಾತೆತ್ತಿ: ಜಿಎಡಿ ಆಂಟಿಬಾಡಿ ಮತ್ತು ಸಿ-ಪೆಪ್ಟೈಡ್. ಕೇಳಲು ಸಂಕೋಚ ಬೇಡ. ಜಿಎಡಿ ಆಂಟಿಬಾಡಿ ಬೀಟಾ ಕೋಶಗಳ ಮೇಲಿನ ದಾಳಿಯ ಗುರುತು. ಸಿ-ಪೆಪ್ಟೈಡ್ ನಮ್ಮ ದೇಹ ತಾನೇ ತಯಾರಿಸಿದ ಇನ್ಸುಲಿನ್ ಜೊತೆಗಷ್ಟೇ ಹೊರಬರುವ ಪದಾರ್ಥ. ಹಾಗಾಗಿ ಹೊರಗಿನಿಂದ ಚುಚ್ಚಿಕೊಂಡ ಇನ್ಸುಲಿನ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಆರಂಭದಲ್ಲಿ ಇದರ ಅಂಕಿ ಅತ್ತಲೂ ಅಲ್ಲ, ಇತ್ತಲೂ ಅಲ್ಲ ಎಂಬಂತೆ ಬರಬಹುದು. ಆಗ ಆಂಟಿಬಾಡಿ ವರದಿಗೇ ತೂಕ ಹೆಚ್ಚು. ಆಂಟಿಬಾಡಿ ನೆಗೆಟಿವ್ ಬಂದರೂ ಟೈಪ್ ಒನ್ ಇರುವವರು ಕೆಲವರಿದ್ದಾರೆ. ತೂಕ ಸೋರುತ್ತಿದ್ದು, ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸಿದಾಗ ಹುಟ್ಟುವ ಆಮ್ಲ) ಕಂಡರೆ ವರದಿಗಾಗಿ ಕಾಯುತ್ತ ಕೂರುವಂತಿಲ್ಲ. ಇನ್ಸುಲಿನ್ ಅಂದೇ ಶುರುವಾಗಬೇಕು.

ಟೈಪ್ ಒನ್ ಎಂದು ಖಚಿತವಾದ ದಿನ ಹಳೆಯ ಮಾತ್ರೆಗಳ ಚೀಟಿಯನ್ನು ವೈದ್ಯರ ಮುಂದಿಡಿ. ಗ್ಲಿಮೆಪಿರೈಡ್‌ನಂಥ ಮಾತ್ರೆಗಳು ಉಳಿದಿರುವ ಬೀಟಾ ಕೋಶಗಳನ್ನೇ ಹಿಂಡಿ ಕೆಲಸ ಮಾಡಿಸುತ್ತವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನವು ಇನ್ನೂ ಅಪಾಯಕಾರಿ: ಶುಗರ್ 200ರ ಒಳಗಿದ್ದರೂ ಕೀಟೋನ್ ಏರಿ ಪ್ರಾಣಕ್ಕೆ ಎರವಾಗಬಹುದು.

ಸಿರಿಂಜಿನ ಮುಚ್ಚಳದ ಬಣ್ಣ ನೋಡಿ

ಇನ್ಸುಲಿನ್ ಎಷ್ಟು, ಯಾವಾಗ ಎಂಬುದನ್ನು ವೈದ್ಯರು ನಿಮ್ಮ ತೂಕ, ಊಟ ನೋಡಿ ಗೊತ್ತುಮಾಡುತ್ತಾರೆ. ಸಾಮಾನ್ಯವಾಗಿ ದಿನವಿಡೀ ಕೆಲಸ ಮಾಡುವ ಒಂದು, ಊಟದ ಹೊತ್ತಿಗೆ ಬೇರೊಂದು. ಚುಚ್ಚುವ ವಿಷಯದಲ್ಲಿ ಮಾತ್ರ ನೀವೇ ಹುಷಾರಾಗಿರಬೇಕಾದ ಒಂದು ಜಾಗವಿದೆ.

ನಮ್ಮ ಮೆಡಿಕಲ್ ಶಾಪುಗಳಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಬಾಟಲಿಯಲ್ಲಿ ಬರುವುದು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100 ಯೂನಿಟ್. 100 ಯೂನಿಟ್‌ನ ಬಾಟಲಿಗಳೂ ಇವೆ. ಸಿರಿಂಜುಗಳೂ ಎರಡು ಬಗೆ: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಅದಲುಬದಲಾಗಿ 40ರದ್ದನ್ನು ಕಿತ್ತಳೆ ಸಿರಿಂಜಿನಲ್ಲಿ ಎಳೆದರೆ ಬರೀ 4. ಮೊದಲನೆಯದಕ್ಕೆ ಪ್ರಜ್ಞೆ ತಪ್ಪಬಹುದು, ಎರಡನೆಯದಕ್ಕೆ ಶುಗರ್ ಗಗನಕ್ಕೇರುತ್ತದೆ. ಅಂಗಡಿಯಲ್ಲಿ ಬೇರೆ ಹುಡುಗ ಕೌಂಟರಿನಲ್ಲಿದ್ದ ದಿನ, ಊರಿಗೆ ಹೋದಾಗ ಹೊಸ ಅಂಗಡಿಯಲ್ಲಿ ಕೊಂಡ ದಿನ ಇಂಥ ಎಡವಟ್ಟು ಆಗುವ ಸಾಧ್ಯತೆ ಹೆಚ್ಚು. ದುಡ್ಡು ಕೊಡುವ ಮೊದಲೇ ಲೇಬಲ್ ಮತ್ತು ಮುಚ್ಚಳ ಎರಡನ್ನೂ ಹೊಂದಿಸಿ ನೋಡಿ. ಪೆನ್ನಿನ ಕಾರ್ಟ್ರಿಡ್ಜ್‌ನಿಂದ ಸಿರಿಂಜಿಗೆ ಎಳೆಯುವ ಉಳಿತಾಯವಂತೂ ಬೇಡವೇ ಬೇಡ.

ಪೆನ್ ಬಳಸುವವರು ಪ್ರತಿ ಸಲವೂ ಎರಡು ಯೂನಿಟ್ ಗಾಳಿಗೆ ಬಿಟ್ಟು, ಹನಿ ಬರುವುದನ್ನು ನೋಡಿ, ಆಮೇಲೆ ಚುಚ್ಚಿ. ಗುಂಡಿ ಒತ್ತಿ ಹತ್ತರವರೆಗೆ ಎಣಿಸಿ ಸೂಜಿ ತೆಗೆಯಿರಿ. ಹೊಕ್ಕುಳಿನ ಪಕ್ಕದ ಎರಡಂಗುಲ ಬಿಟ್ಟು ಹೊಟ್ಟೆ, ಇಲ್ಲವೇ ತೊಡೆ. ನೋವಾಗದ ಜಾಗ ಸಿಕ್ಕಿತೆಂದು ಅಲ್ಲಲ್ಲೇ ಚುಚ್ಚುತ್ತಿದ್ದರೆ ಚರ್ಮದಡಿ ಗಂಟು ಕಟ್ಟಿ, ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ.

ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿರಲಿ, ಐಸ್ ಕಟ್ಟುವ ಖಾನೆಯಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು. ಬಳಕೆಯಲ್ಲಿರುವುದು ತಂಪು ಜಾಗದಲ್ಲಿ ಸುಮಾರು 28 ದಿನ ತಡೆಯುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಿಗೆ ಈ ಮಾತು ಅನ್ವಯಿಸದು. ಕರೆಂಟ್ ನೆಚ್ಚಿಕೊಳ್ಳಲಾಗದ ಕಡೆ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯೊಳಗೆ, ನೀರು ತಾಗದ ಡಬ್ಬಿಯಲ್ಲಿಟ್ಟರೆ ಎಷ್ಟೋ ವಾಸಿ.

ಮುದ್ದೆಗೂ ಲೆಕ್ಕ ಇದೆ

ಖಾಲಿ ಹೊಟ್ಟೆಯಲ್ಲಿ, ಪ್ರತಿ ಊಟದ ಮುಂಚೆ, ಮಲಗುವ ಮೊದಲು ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಿ. ಆಗೊಮ್ಮೆ ಈಗೊಮ್ಮೆ ನಡುರಾತ್ರಿ ಮೂರಕ್ಕೂ ನೋಡಬೇಕು. ಹೆಚ್ಚಿನವರಿಗೆ ಊಟದ ಮುಂಚೆ 80ರಿಂದ 130, ಊಟವಾಗಿ ಎರಡು ಗಂಟೆಗೆ 180ರ ಒಳಗೆ ಎಂಬುದು ಗುರಿ. ಅಂಕಿಯ ಪಕ್ಕದಲ್ಲಿ ಏನು ತಿಂದಿರಿ, ಎಷ್ಟು ಯೂನಿಟ್ ಹಾಕಿದಿರಿ ಎಂದು ಬರೆದಿಡಿ. ಬರೀ ಅಂಕಿ ನೋಡಿ ವೈದ್ಯರು ಏನೂ ಮಾಡಲಾರರು.

ರಾಗಿ ತಿಂದರೆ ಶುಗರ್ ಏರದು ಎಂಬ ಮಾತನ್ನು ನಂಬಿದರೆ ಕೆಟ್ಟಿರಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 65-70 ಗ್ರಾಂ ಶರ್ಕರಪಿಷ್ಟ ಇದೆ, ಅಕ್ಕಿಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮುದ್ದೆ ಬಿಡಬೇಕಿಲ್ಲ, ಅಳತೆ ಗೊತ್ತಿರಬೇಕು. ಒಂದು ವಾರ ಹಿಟ್ಟನ್ನು ತೂಗಿ ಹಾಕಿದರೆ ಕಣ್ಣಳತೆ ಬಂದುಬಿಡುತ್ತದೆ. ಟೈಪ್ ಒನ್‌ನಲ್ಲಿ ಹೊಟ್ಟೆ ಕಟ್ಟುವುದು ಚಿಕಿತ್ಸೆಯಲ್ಲ. ತಿನ್ನುವುದಕ್ಕೂ ಇನ್ಸುಲಿನ್ನಿಗೂ ಹೊಂದಿಸುವುದೇ ಚಿಕಿತ್ಸೆ.

'ಶುಗರ್ ನಾರ್ಮಲ್ ಆಯ್ತಲ್ಲ, ಇನ್ನೂ ಯಾಕೆ?'

ಇನ್ಸುಲಿನ್ ಶುರುವಾಗಿ ಕೆಲವು ವಾರಗಳಲ್ಲಿ ಹಲವರಿಗೆ ಅಚ್ಚರಿಯ ಬದಲಾವಣೆ. ತೂಕ ಮರಳುತ್ತದೆ, ಸುಸ್ತು ಹೋಗುತ್ತದೆ, ದಿನದ ಯೂನಿಟ್ ಇಳಿಯುತ್ತಾ ಬರುತ್ತದೆ. ಇದಕ್ಕೆ ಹನಿಮೂನ್ ಅವಧಿ ಎಂದೇ ಹೆಸರು. ಏರಿದ ಸಕ್ಕರೆಯಲ್ಲಿ ಸೊರಗಿದ್ದ ಅಳಿದುಳಿದ ಬೀಟಾ ಕೋಶಗಳು, ಹೊರಗಿನ ಇನ್ಸುಲಿನ್ನಿನಿಂದ ಬಿಡುವು ಸಿಕ್ಕಿ ಚೇತರಿಸಿಕೊಂಡಿರುತ್ತವೆ. ಆಳು ಸಿಕ್ಕ ಮೇಲೆ ಮುದುಕ ರೈತ ಮತ್ತೆ ಗದ್ದೆಗಿಳಿದ ಹಾಗೆ. ಇದು ತಿಂಗಳುಗಟ್ಟಲೆ ಇರಬಹುದು. ದೊಡ್ಡವರಲ್ಲಿ ಒಂದು ವರ್ಷ ದಾಟುವುದೂ ಉಂಟು.

ಮನೆಯಲ್ಲಿ ಮಾತು ಶುರುವಾಗುವುದು ಆಗಲೇ. 'ಶುಗರ್ ನಾರ್ಮಲ್ ಆಯ್ತಲ್ಲ, ಇನ್ನೂ ಯಾಕ್ರೀ ಚುಚ್ಕೋತೀರಾ?' ಹಾಗಲಕಾಯಿ ರಸ, ಅಮೃತಬಳ್ಳಿ ಕಷಾಯ, ಶುಗರ್ ರಿವರ್ಸ್ ಮಾಡುವ ವಾಟ್ಸಾಪ್ ವಿಡಿಯೊ ಎಲ್ಲವೂ ಸಾಲುಗಟ್ಟುತ್ತವೆ. ಯಾವ ಕಷಾಯ ಕುಡಿಯುತ್ತಿದ್ದರೋ ಅದಕ್ಕೇ ಕೀರ್ತಿ. ತೂಕ ಇಳಿಸಿ ಮಾತ್ರೆ ಬಿಟ್ಟವರು ಟೈಪ್ ಟೂನಲ್ಲಿ ನಿಜವಾಗಿಯೂ ಇದ್ದಾರೆ. ಆ ಲೆಕ್ಕ ಟೈಪ್ ಒನ್‌ಗೆ ಹೊಂದುವುದಿಲ್ಲ.

ಈ ಅವಧಿಯಲ್ಲಿ ಮಾಡಬೇಕಾದ್ದು ಇಷ್ಟು. ಶುಗರ್ ಲೋ ಆಗುತ್ತಿದ್ದರೆ ವೈದ್ಯರಿಗೆ ಹೇಳಿ ಡೋಸ್ ಇಳಿಸಿ, ಕೆಲವರಿಗೆ ದಿನಕ್ಕೆ ನಾಲ್ಕಾರು ಯೂನಿಟ್ಟೇ ಸಾಕಾಗಬಹುದು. ಅದನ್ನೂ ಪೂರ್ತಿ ನಿಲ್ಲಿಸಬೇಡಿ. ಶುಗರ್ ಪರೀಕ್ಷೆಯನ್ನೂ ಬಿಡಬೇಡಿ. ಒಂದು ದಿನ ಬೆಳಗಿನ ಅಂಕಿ 110ರಿಂದ 140ಕ್ಕೆ, 160ಕ್ಕೆ ಜಾರತೊಡಗಿದರೆ, ಅಥವಾ ಸಣ್ಣ ಜ್ವರಕ್ಕೇ 300 ದಾಟಿದರೆ ಹನಿಮೂನ್ ಮುಗಿಯುತ್ತಾ ಬಂದಿದೆ ಎಂದರ್ಥ. ಅದು ನೀವು ಮದುವೆ ಮನೆಯಲ್ಲಿ ತಿಂದ ಹೋಳಿಗೆಯ ಶಿಕ್ಷೆಯಲ್ಲ.

ಲೋ ಆದಾಗ

ಕೈ ನಡುಕ, ಬೆವರು, ಎದೆಬಡಿತ, ಸುಮ್ಮನೆ ಸಿಡುಕು. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ನೋಡಿ, ಏರದಿದ್ದರೆ ಮತ್ತೊಮ್ಮೆ. ಮೈಸೂರ್ ಪಾಕ್, ಚಾಕೊಲೇಟ್ ಈ ಹೊತ್ತಿಗೆ ಆಗಿಬರುವುದಿಲ್ಲ. ಅವುಗಳ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಬೈಕಿನಲ್ಲಿದ್ದರೆ ಮೊದಲು ನಿಲ್ಲಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕೆಂದು ಮನೆಯವರಿಗೂ, ಆಫೀಸಿನಲ್ಲಿ ಪಕ್ಕ ಕೂರುವವರಿಗೂ ಹೇಳಿಟ್ಟಿರಿ.

ಜ್ವರ, ವಾಂತಿ ಬಂದ ದಿನ

ಊಟವೇ ಸೇರುತ್ತಿಲ್ಲ, ಇನ್ಸುಲಿನ್ ಯಾಕೆ ಎಂದುಕೊಳ್ಳುವುದು ಸಹಜ. ಆದರೆ ಜ್ವರದಲ್ಲಿ ಶುಗರ್ ಏರುತ್ತದೆ, ಊಟ ಬಿಟ್ಟರೂ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಯಾವ ಕಾರಣಕ್ಕೂ ತಪ್ಪಕೂಡದು. ಎಷ್ಟು ಹಾಕಬೇಕೆಂದು ಫೋನಿನಲ್ಲಾದರೂ ಕೇಳಿ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಕ್ಕೂ ಮೊದಲೇ ವೈದ್ಯರ ಬಳಿ ಹೋಗಿ ಬನ್ನಿ.

ಕೀಟೋನ್ ನೋಡುವ ಮೂತ್ರದ ಸ್ಟ್ರಿಪ್ ಡಬ್ಬಿ ಮನೆಯಲ್ಲಿರಲಿ. ಶುಗರ್ 250 ದಾಟಿದಾಗ, ವಾಂತಿ ಶುರುವಾದಾಗ ಅದ್ದಿ ನೋಡಿ. ಬಣ್ಣ ಗಾಢವಾಗುತ್ತಿದ್ದರೆ, ಹೊಟ್ಟೆನೋವು, ದೀರ್ಘ ಉಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ದೊಡ್ಡ ವಯಸ್ಸಿನವರ ವಾಂತಿ, ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸುವುದೂ ಉಂಟು. ಕ್ಯಾಶುವಾಲ್ಟಿಯಲ್ಲಿ ಹೊಟ್ಟೆನೋವಿನ ಕಥೆ ಆಮೇಲೆ ಹೇಳಿ. ಟೈಪ್ ಒನ್ ಇದೆ, ಇನ್ಸುಲಿನ್ ತಗೋತೀನಿ, ಕೀಟೋನ್ ನೋಡಿ ಎಂದು ಮೊದಲು ಹೇಳಿ. ನಿಮಗೆ ಮಾತಾಡಲಾಗದಿದ್ದರೆ ಓದಿಕೊಳ್ಳಲಿ ಎಂದು ಇದನ್ನೇ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಆಧಾರ್ ಕಾರ್ಡಿನ ಜೊತೆಗಿಟ್ಟುಕೊಳ್ಳಿ.