ಚಾಕು ಎದುರಾದಾಗ: ಕಸಿಯುವುದಕ್ಕಿಂತ ಮೊದಲು ತಪ್ಪಿಸಿಕೊಳ್ಳುವುದನ್ನು ಕಲಿಯಿರಿ

2022ರ ಆಗಸ್ಟ್ 13ರಂದು ಹಾಸನ ಜಿಲ್ಲೆಯ ಹೊಳೆನರಸೀಪುರದ ನ್ಯಾಯಾಲಯದಲ್ಲಿ ಲೋಕ ಅದಾಲತ್ ನಡೆದಿತ್ತು. ವಿಚ್ಛೇದನ ಕೋರಿ ಬಂದಿದ್ದ ದಂಪತಿಯನ್ನು ಕೂರಿಸಿ ಮಾತನಾಡಿಸಿದ್ದರು, ಇಬ್ಬರೂ ಮತ್ತೆ ಕೂಡಿ ಬಾಳಲು ಒಪ್ಪಿದ್ದರು. ಆಕೆ ಶೌಚಾಲಯದ ಕಡೆ ಹೊರಟಾಗ ಗಂಡ ಹಿಂದೆಯೇ ಹೋಗಿ ಕತ್ತು ಕುಯ್ದ. ಜನ ಅವನನ್ನು ಹಿಡಿದರು, ಆಕೆಯನ್ನು ಆಸ್ಪತ್ರೆಗೆ ಸಾಗಿಸಿದರು, ಆದರೆ ಜೀವ ಉಳಿಯಲಿಲ್ಲ. ಅದಾಗಿ ಎರಡು ವರ್ಷ ತುಂಬುವ ಮೊದಲೇ, 2024ರ ಜುಲೈ 1ರಂದು, ಹಾಸನದ ಎಸ್ಪಿ ಕಚೇರಿಗೆ ಗಂಡನ ಮೇಲೆ ದೂರು ಕೊಡಲು ಬಂದ ಹೆಂಗಸನ್ನು ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದ ಅದೇ ಗಂಡ ಕಚೇರಿಯ ಆವರಣದಲ್ಲೇ ಚಾಕುವಿನಿಂದ ಇರಿದು ಕೊಂದ.

ಆತ್ಮರಕ್ಷಣೆ ಕಲಿಯಬೇಕೆಂದು ಕರಾಟೆ ತರಗತಿ ಹುಡುಕುವವರು ಈ ಎರಡು ಪ್ರಕರಣಗಳನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಎರಡೂ ನಡೆದದ್ದು ಹಗಲು ಹೊತ್ತಿನಲ್ಲಿ, ಜನರಿರುವ ಜಾಗದಲ್ಲಿ. ಚಾಕು ಹಿಡಿದವನು ದಾರಿಹೋಕನಲ್ಲ, ಮನೆಯವನೇ. ಹೆಂಗಸು ನ್ಯಾಯ ಕೇಳಲು ಹೊರಟ ದಿನವೇ ಅಪಾಯ ಬಂದೆರಗಿತು. ಹಾಗಾಗಿ ಕತ್ತಲ ಓಣಿಯ ಅಪರಿಚಿತನನ್ನು ಎದುರಿಗಿಟ್ಟುಕೊಂಡು ಮಾಡುವ ಅಭ್ಯಾಸ ನಮ್ಮ ಜಿಲ್ಲೆಗೆ ಸಾಲದು.

ಕೋರ್ಟಿಗೆ, ಠಾಣೆಗೆ ಹೋಗುವ ಮುನ್ನ

ಮೊದಲ ಪಾಠಕ್ಕೆ ಕೈಕಾಲಿನ ಬಲ ಬೇಕಿಲ್ಲ. ಕೊಲ್ಲುತ್ತೇನೆಂದು ಹೆದರಿಸಿದ್ದು, ಹಿಂದೊಮ್ಮೆ ಕತ್ತು ಹಿಸುಕಿದ್ದು, ಕಣ್ಣಿಗೆ ಕಾಣುವಂತೆ ಚಾಕು-ಮಚ್ಚು ಇಟ್ಟುಕೊಂಡಿದ್ದು, ಹೋದಲ್ಲೆಲ್ಲ ಹಿಂಬಾಲಿಸಿದ್ದು: ಇವುಗಳಲ್ಲಿ ಒಂದಿದ್ದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕತ್ತು ಹಿಸುಕಿದ್ದಂತೂ ತೀರಾ ಕೆಟ್ಟ ಸೂಚನೆ. ಬೆದರಿಕೆಯ ವಿಷಯವನ್ನು ವಕೀಲರಿಗೆ, ನ್ಯಾಯಾಲಯಕ್ಕೆ ಬರಹದಲ್ಲೇ ಕೊಡಿ. ಗಂಡ-ಹೆಂಡತಿ ಇಬ್ಬರನ್ನೂ ಒಂದೇ ಹೊತ್ತಿಗೆ ಹೊರಗೆ ಬಿಡಬಾರದು, ಹೆಂಡತಿ ಮೊದಲು ಹೊರಟುಹೋಗಲಿ ಎಂದು ಕೇಳಿಕೊಳ್ಳಿ. ಜೊತೆಗೆ ಇಬ್ಬರಾದರೂ ಇರಲಿ, ಶೌಚಾಲಯಕ್ಕೂ ಒಬ್ಬರು ಬರಲಿ. ರಾಜಿಯಾಯಿತೆಂದು ಆ ದಿನವೇ ಎಚ್ಚರ ಸಡಿಲಿಸಬೇಡಿ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ನ್ಯಾಯಾಲಯ ರಕ್ಷಣಾ ಆದೇಶ ಕೊಡಬಹುದು, ಅದನ್ನು ಮುರಿಯುವುದೇ ಅಪರಾಧ. ಅರ್ಜಿಗೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ; ಅದರ ಸಹಾಯವಾಣಿ 15100. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಗುರುವನ್ನು ಆರಿಸುವ ಬಗೆ

ಹಾಸನದಲ್ಲಾಗಲಿ ಅರಕಲಗೂಡಿನಲ್ಲಾಗಲಿ ತರಗತಿಗೆ ಸೇರುವ ಮುಂಚೆ ಒಂದು ದಿನ ಸುಮ್ಮನೆ ಕೂತು ನೋಡಿ. ಪ್ರದರ್ಶನದಲ್ಲಿ ಸಾಮಾನ್ಯವಾಗಿ ಚಾಕು ಹಿಡಿದವನು ದೂರದಿಂದ ಬಂದು ಒಮ್ಮೆ ತಿವಿದು, ಚಾಚಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟಿರುತ್ತಾನೆ. ಗುರು ಆ ಕೈ ತಿರುಚಿ ಚಾಕು ಕಿತ್ತುಕೊಳ್ಳುತ್ತಾರೆ, ಚಪ್ಪಾಳೆ ಬೀಳುತ್ತದೆ. ನಿಜದ ದಾಳಿಯಲ್ಲಿ ಎಡಗೈ ಜುಟ್ಟನ್ನೋ ಕುತ್ತಿಗೆಪಟ್ಟಿಯನ್ನೋ ಹಿಡಿದಿರುತ್ತದೆ. ಬಲಗೈ ಹೊಲಿಗೆ ಯಂತ್ರದ ಸೂಜಿಯಂತೆ ಒಂದೇ ಕಡೆ ಮತ್ತೆ ಮತ್ತೆ ಚುಚ್ಚುತ್ತದೆ. ಚಾಚಿದ ಕೈ ನಿಮಗೆ ಸಿಗುವುದೇ ಇಲ್ಲ.

ಇದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ಹಳೆಯ ಬಿಳಿ ಟೀ ಶರ್ಟ್ ಹಾಕಿಕೊಳ್ಳಿ. ಜೊತೆಗಾರನ ಕೈಗೆ ಚಾಕುವಿನ ಬದಲು ಕೆಂಪು ಮಾರ್ಕರ್ ಪೆನ್ ಕೊಡಿ. ಕಣ್ಣಿಗೆ ಕನ್ನಡಕ ಕಡ್ಡಾಯ. ಅರ್ಧ ನಿಮಿಷ ಅವನು ಮನಸ್ಸಿಟ್ಟು ಗೀಚಲಿ, ನೀವು ಕಲಿತ ಪಟ್ಟುಗಳಿಂದ ತಡೆಯಿರಿ. ಆಮೇಲೆ ಕುತ್ತಿಗೆ, ಕಂಕುಳು, ಹೊಟ್ಟೆ, ಮುಂಗೈ ಒಳಬದಿ ನೋಡಿಕೊಳ್ಳಿ. ಎಷ್ಟೇ ಪಳಗಿದವರಿಗೂ ಗೆರೆ ಬಿದ್ದಿರುತ್ತದೆ. ಈ ಪರೀಕ್ಷೆಗೆ ಒಪ್ಪದ, ‘ನನ್ನ ವಿದ್ಯೆ ಕಲಿತರೆ ಚಾಕು ಏನೂ ಮಾಡಲ್ಲ’ ಎನ್ನುವ ಗುರು ಬೇಡ. ‘ಓಡಲು ದಾರಿಯಿದ್ದರೆ ಓಡಿ’ ಎಂದು ಮೊದಲ ದಿನವೇ ಹೇಳುವವರನ್ನು ನಂಬಬಹುದು.

ಯಾವ ವಿದ್ಯೆ ಎಂಬುದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಕರಾಟೆ, ಟೇಕ್ವಾಂಡೋದಿಂದ ಕಾಲಿನ ಚುರುಕು, ಏಟಿನ ಬಿರುಸು, ದಮ್ಮು ಬರುತ್ತವೆ. ಮೈಗೆ ಮೈ ತಾಗಿದಾಗ ಬೇಕಾಗುವ ಹಿಡಿತವನ್ನು ಜೂಡೋ ಕಲಿಸುತ್ತದೆ, ನಮ್ಮ ಗರಡಿಯ ಕುಸ್ತಿಯೂ ಕಲಿಸುತ್ತದೆ. ಹಳೇ ಮೈಸೂರು ಸೀಮೆಯ ಈ ಆಸ್ತಿಯನ್ನು ಆತ್ಮರಕ್ಷಣೆಯ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣದಡಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ, ವಸತಿ ಶಾಲೆ-ಹಾಸ್ಟೆಲ್‌ಗಳಲ್ಲಿ ಒನಕೆ ಓಬವ್ವನ ಹೆಸರಿನ ತರಬೇತಿ ಇವೆ. ನಿಮ್ಮ ಶಾಲೆಯಲ್ಲಿ ನಡೆಯುತ್ತಿದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ, ಮಕ್ಕಳನ್ನು ಕಳಿಸಿ.

ಅಭ್ಯಾಸ ಹೀಗಿರಲಿ

ಅಂತರದಿಂದ ಶುರು ಮಾಡಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದ ಲೇಖನವೊಂದು ಇಂದಿಗೂ ಪೊಲೀಸ್ ತರಬೇತಿಯಲ್ಲಿ ಚರ್ಚೆಯಾಗುತ್ತದೆ. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿಬಿಡುತ್ತಾನೆ ಎಂಬುದು ಅವರು ಕಂಡುಕೊಂಡದ್ದು. ಮೈದಾನದಲ್ಲಿ 21 ಅಡಿ ಅಳೆದು ಗೆರೆ ಹಾಕಿ. ನೀವು ಮೊಬೈಲ್ ನೋಡುತ್ತಾ ನಿಲ್ಲಿ, ಜೊತೆಗಾರ ಆ ಗೆರೆಯಿಂದ ಓಡಿ ಬರಲಿ. ತಲೆ ಎತ್ತುವಷ್ಟರಲ್ಲಿ ಅವನು ಮೈಮೇಲಿರುತ್ತಾನೆ. ಮತ್ತೆ, ಈ ಸಲ ಅವನ ಕೈಗಳನ್ನೇ ನೋಡುತ್ತಾ ನಿಲ್ಲಿ. ಬೆನ್ನ ಹಿಂದೆ ಹೋದ ಕೈ, ಟವೆಲ್ ಸುತ್ತಿದ ಕೈ, ಚೀಲದೊಳಗಿಂದ ಹೊರಬಾರದ ಕೈ. ಮುಖ ನಗುತ್ತಿದ್ದರೂ ಕೈ ಸುಳ್ಳು ಹೇಳುವುದು ಕಷ್ಟ.

ಎರಡನೆಯದು ಕೂಗು ಮತ್ತು ಓಟ. ಗಂಡ-ಹೆಂಡತಿ ಜಗಳವೆಂದು ಸುತ್ತಲಿನವರು ಸುಮ್ಮನಿರುವುದುಂಟು. ಅದಕ್ಕೇ ‘ಬಿಡು, ಬಿಡು’ ಎಂದು ಕೂಗಿದರೆ ಸಾಲದು. ‘ಚಾಕು ಇದೆ, ಚಾಕು ಇದೆ!’ ಎಂದು ಗಂಟಲು ಹರಿಯುವಂತೆ ಕೂಗಿ. ನಾಚಿಕೆಯಿಂದ ದನಿ ಏಳುವುದಿಲ್ಲ, ಹಾಗಾಗಿ ಕೂಗನ್ನೂ ತರಗತಿಯಲ್ಲೇ ಅಭ್ಯಾಸ ಮಾಡಬೇಕು. ಓಟವನ್ನು ಟ್ರ್ಯಾಕ್‌ಪ್ಯಾಂಟಿನಲ್ಲಿ ಕಲಿತರೆ ಉಪಯೋಗ ಕಡಿಮೆ. ಕೋರ್ಟಿಗೆ ಸೀರೆ ಉಟ್ಟು ಹೋಗುವವರು ಸೀರೆಯಲ್ಲೇ ಓಡಿ ನೋಡಿ: ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಚಪ್ಪಲಿ ಬಿಟ್ಟು.

ಮೂರನೆಯದು ನಡುವೆ ಏನನ್ನಾದರೂ ತರುವುದು. ಕುರ್ಚಿಯ ಕಾಲುಗಳನ್ನು ಅವನ ಕಡೆ ಮಾಡಿ ಹಿಡಿಯುವುದು, ಕೈಚೀಲವನ್ನು ಎದೆಗೆ ಗುರಾಣಿಯಾಗಿ ಎತ್ತುವುದು, ಹೆಲ್ಮೆಟ್‌ನಿಂದ ಅವನ ಕೈಗೇ ಬಾರಿಸುವುದು, ನಿಂತ ಕಾರನ್ನು ನಡುವೆ ಬಿಟ್ಟುಕೊಂಡು ಸುತ್ತುವುದು. ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಕಾಯುವಾಗ ‘ಈಗ ಬಂದರೆ ಯಾವುದರ ಹಿಂದೆ ಹೋಗಲಿ?’ ಎಂದು ಒಮ್ಮೆ ಕಣ್ಣಾಡಿಸುವುದೂ ಅಭ್ಯಾಸವೇ.

ನಾಲ್ಕನೆಯದು ದಾರಿಯೇ ಇಲ್ಲದಾಗಿನದು. ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಗದ್ದವನ್ನು ಎದೆಗೆ ತಗ್ಗಿಸಿ, ಭುಜ ಏರಿಸಿ, ಕತ್ತು ಮುಚ್ಚಿಕೊಳ್ಳಿ. ತೋಳುಗಳನ್ನು ಮುಂದೆ ತನ್ನಿ. ಮಣಿಕಟ್ಟಿನ ಒಳಬದಿ ನಿಮ್ಮ ಕಡೆಗಿರಲಿ, ಏಕೆಂದರೆ ನಾಡಿ ಹರಿಯುವುದು ಅಲ್ಲಿ. ಚಾಕುವಿಗೆ ಕೈ ಹಾಕಬೇಡಿ, ಚಾಕು ಹಿಡಿದ ತೋಳಿಗೆ ಹಾಕಿ. ಅವನ ಒಂದು ಕೈಗೆ ನಿಮ್ಮ ಎರಡೂ ಕೈ: ಒಂದು ಮಣಿಕಟ್ಟಿಗೆ, ಇನ್ನೊಂದು ಮೊಣಕೈ ಮೇಲ್ಭಾಗಕ್ಕೆ. ಆ ತೋಳನ್ನು ನಿಮ್ಮ ಎದೆಗೆ ಅವಚಿಕೊಂಡು, ಚಾಕುವಿನ ಮೊನೆ ಹೊರಗಡೆ ಇರುವಂತೆ ನೋಡಿಕೊಳ್ಳುತ್ತಾ, ಮೈಭಾರವನ್ನೆಲ್ಲ ಹಾಕಿ ಅವನನ್ನು ಗೋಡೆಗೋ ಕಂಬಕ್ಕೋ ನೂಕಿ. ಮೊಣಕಾಲು, ತಲೆ ಸಿಕ್ಕಿದ್ದರಿಂದ ಹೊಡೆಯಿರಿ. ಹಿಡಿತ ಸಡಿಲಿದ ಕ್ಷಣವೇ ತಳ್ಳಿ ಓಡಿ. ಬಿದ್ದ ಚಾಕು ಎತ್ತಿಕೊಳ್ಳಲು ಬಗ್ಗಬೇಡಿ. ಕೈಗೆ ಗಾಯವಾದೀತು, ಕತ್ತು, ಎದೆ ಉಳಿದರೆ ಅದೇ ಗೆಲುವು. ಮೊದಲು ನಿಧಾನಕ್ಕೆ, ಆಮೇಲೆ ಜೊತೆಗಾರ ನಿಜವಾಗಿ ಕೊಸರಾಡುವಂತೆ ಮಾಡಿ. ಕೊಸರಾಟವಿಲ್ಲದೆ ಕಲಿತದ್ದು ಭಯದ ಹೊತ್ತಿನಲ್ಲಿ ಕೈಗೆ ಬರದು.

ನಮ್ಮ ಕಡೆ ತೆಂಗಿನ ತೋಟದ ಮಚ್ಚು, ಕುಡುಗೋಲು ಇಲ್ಲದ ಮನೆ ಅಪರೂಪ. ಮಚ್ಚು ತಿವಿಯುವುದಲ್ಲ, ಬೀಸುವುದು. ಅದರ ಅಲಗು ತಲುಪುವಷ್ಟು ದೂರದಲ್ಲಿ ನಿಂತು ತೋಳೊಡ್ಡುವುದು ಎಲ್ಲಕ್ಕಿಂತ ಅಪಾಯ. ಅಲಗಿನ ಎಟುಕಿನಿಂದ ಆಚೆಗೆ ಓಡಬೇಕು, ಇಲ್ಲವೇ ಮೇಜು, ವಾಹನ, ಬಾಗಿಲು ನಡುವೆ ತರಬೇಕು.

ಅಭ್ಯಾಸಕ್ಕೆ ರಬ್ಬರ್ ಚಾಕು, ಸುರುಳಿ ಸುತ್ತಿದ ಪತ್ರಿಕೆ ಸಾಕು. ಮೊಂಡಾದ ಅಸಲಿ ಚಾಕು ಕೂಡ ಬೇಡ. ವರ್ಷಕ್ಕೊಂದು ದೊಡ್ಡ ಕಾರ್ಯಾಗಾರಕ್ಕಿಂತ ವಾರಕ್ಕೆ ಎರಡು ದಿನ ಅರ್ಧ ಗಂಟೆ ಮೇಲು.

ಹೊಳೆನರಸೀಪುರದಲ್ಲಿ ಆರೋಪಿಯನ್ನು ಹಿಡಿದದ್ದು ಸುತ್ತಲಿದ್ದ ಜನ. ಆದ್ದರಿಂದ ವಕೀಲರ ಗುಮಾಸ್ತರು, ಕಚೇರಿಯ ಜವಾನರು, ಬಸ್ ನಿಲ್ದಾಣದ ಸಿಬ್ಬಂದಿಗೂ ಇಂಥ ತರಬೇತಿ ಬೇಕೆಂದು ನಾನು ಒತ್ತಿ ಹೇಳುತ್ತೇನೆ. ಒಬ್ಬರೇ ಬರಿಗೈಯಲ್ಲಿ ನುಗ್ಗಬಾರದು. ಇಬ್ಬರು ಮೂವರು ಕುರ್ಚಿ ಹಿಡಿದು ಬೇರೆ ಬೇರೆ ಬದಿಯಿಂದ ಒತ್ತಿ ಗೋಡೆಗೆ ಸಿಕ್ಕಿಸಬೇಕು. ಇನ್ನೊಬ್ಬರು ಗಾಯಾಳುವನ್ನು ಎಳೆದುಕೊಳ್ಳಬೇಕು.

ಪ್ರಾಣ ಉಳಿಸಿಕೊಳ್ಳಲು ಹೊಡೆದರೆ ಕೇಸಾಗುತ್ತದೆಂಬ ಹೆದರಿಕೆ ಹಲವರಿಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಸ್ವರಕ್ಷಣೆಯ ಹಕ್ಕನ್ನು ಒಪ್ಪುತ್ತವೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು ಎಂಬುದು ಅದರ ಮಿತಿಗಳಲ್ಲೊಂದು. ದಾಳಿ ನಿಂತು ಅವನು ಬಿದ್ದ ಮೇಲೆ ಹೊಡೆದರೆ ಅದು ರಕ್ಷಣೆಯಾಗುವುದಿಲ್ಲ.

ರಕ್ತ ನಿಲ್ಲಿಸುವುದೂ ವಿದ್ಯೆಯೇ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಸನದಿಂದ ಮೂವತ್ತು-ನಲವತ್ತು ಕಿಲೋಮೀಟರ್ ದೂರದಲ್ಲಿವೆ. ದೊಡ್ಡ ರಕ್ತನಾಳ ತುಂಡಾದರೆ ಉಳಿಯುವುದು ಕೆಲವೇ ನಿಮಿಷ. 108ಕ್ಕೆ ಒಬ್ಬರು ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಗಾಯದ ಮೇಲೆ ಬಟ್ಟೆಯಿಟ್ಟು ಎರಡೂ ಅಂಗೈಯಿಂದ ಬಲವಾಗಿ ಒತ್ತಬೇಕು, ನಿಂತಿತೇ ಎಂದು ಎತ್ತಿ ಎತ್ತಿ ನೋಡಬಾರದು. ತೊಡೆಸಂದು, ಕಂಕುಳಿನ ಆಳದ ಗಾಯಕ್ಕೆ ಶುಭ್ರ ಬಟ್ಟೆಯನ್ನು ಒಳಕ್ಕೆ ತುಂಬಿ ಒತ್ತಬೇಕು. ಎದೆ, ಹೊಟ್ಟೆಯ ಗಾಯಕ್ಕೆ ಬಟ್ಟೆ ತುರುಕಬಾರದು. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಗಾಯಕ್ಕಿಂತ ಮೂರು ಬೆರಳು ಮೇಲೆ, ಕೀಲು ಬಿಟ್ಟು, ಅಗಲದ ಬಟ್ಟೆ ಕಟ್ಟಿ, ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಿ, ಕಟ್ಟಿದ ಹೊತ್ತನ್ನು ಬರೆದಿಡಿ. ಚುಚ್ಚಿಕೊಂಡಿರುವ ಚಾಕುವನ್ನು ಎಳೆಯಬೇಡಿ.

ಪೊಲೀಸ್ ಕೇಸೆಂದು ಆಸ್ಪತ್ರೆಯಲ್ಲಿ ಯಾರಾದರೂ ಹಿಂಜರಿದರೆ, ಕಾಗದಪತ್ರಕ್ಕೆ ಕಾಯದೆ ಮೊದಲು ಜೀವ ಉಳಿಸಬೇಕೆಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ ಎಂದು ತಿಳಿಸಿ. ಸರ್ಕಾರಿ, ಖಾಸಗಿ ವೈದ್ಯರಿಬ್ಬರಿಗೂ ಅದು ಅನ್ವಯ. ಬಟ್ಟೆ ಬಿಗಿದ ಹೊತ್ತನ್ನೂ ಎಷ್ಟು ಕಡೆ ಇರಿತವಾಗಿದೆ ಎಂಬುದನ್ನೂ ವೈದ್ಯರಿಗೆ ನೀವಾಗಿಯೇ ಹೇಳಿ. ಬೆನ್ನಿನ, ಕಂಕುಳಿನ ಸಣ್ಣ ತೂತುಗಳು ಮೊದಲ ನೋಟಕ್ಕೆ ಕಾಣಿಸುವುದಿಲ್ಲ.