ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ಆಕಾಶದ ದಾರಿ



ಚಿತ್ರದುರ್ಗದಿಂದ ಹಿರಿಯೂರಿಗೆ ಸುಮಾರು 40 ಕಿಲೋಮೀಟರು. ಬೆಂಗಳೂರಿಗೆ ಸುಮಾರು 200. ಹೊಸದುರ್ಗ, ಹೊಳಲ್ಕೆರೆಗಳಿಂದ ಬರುವವರಿಗೂ ಇಂಥ ದೂರಗಳು ಪರಿಚಿತವೇ. ನೆಲದ ಮೇಲಿನ ದಾರಿಯು ಬೆಟ್ಟವನ್ನು ಬಳಸಿ, ಕೆರೆಯನ್ನು ಸುತ್ತಿ ಹೋಗುವುದು. ಆಕಾಶದಲ್ಲಿ ಅಂಥ ಅಡ್ಡಿಗಳಿಲ್ಲ. ಹಾಗಾದರೆ ವಿಮಾನವು ಯಾವ ಗೆರೆಯನ್ನು ಹಿಡಿದು ಹಾರುವುದು? ಎಷ್ಟು ಹೊತ್ತಿನಲ್ಲಿ ಗುರಿಯನ್ನು ಸೇರುವುದು?

2021ನೆಯ ಇಸವಿ ಜನವರಿ 9ರ ರಾತ್ರಿ 8-30 ಘಂಟೆಗೆ ಏರ್ ಇಂಡಿಯಾ ಸಂಸ್ಥೆಯ ಬೋಯಿಂಗ್ 777 ವಿಮಾನವೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟು, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಸೇರಿತು. ಅದನ್ನು ನಡೆಸಿದ ಝೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಈ ನಾಲ್ವರೂ ಸ್ತ್ರೀಯರು.

ಗೋಡೆಯ ಭೂಪಟವನ್ನು ನೋಡಿದರೆ ಈ ನಗರಗಳ ನಡುವಣ ಹತ್ತಿರದ ದಾರಿಯು ಪೆಸಿಫಿಕ್ ಸಾಗರದ ನಡುವೆ ಹಾಯುವಂತೆ ತೋರುವುದು. ಆದರೆ ಭೂಮಿಯು ಗುಂಡಗಿರುವುದರಿಂದ ಇದು ಕಣ್ಣಿನ ಭ್ರಮೆ. ಗೋಲದ ಮೇಲೆ ಎರಡೂ ಊರುಗಳಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರವು ಉತ್ತರಕ್ಕೆ ಬಾಗಿ ಸುಮಾರು 71ನೆಯ ಅಕ್ಷಾಂಶದವರೆಗೆ ಏರುವುದು. ಇದೇ ಅತ್ಯಂತ ಹತ್ತಿರದ ದಾರಿ. ಉದ್ದ 13,993 ಕಿಲೋಮೀಟರು.

ಅಂದಿನ ವಿಮಾನವು ಇನ್ನೂ ಉತ್ತರಕ್ಕೆ ಸರಿದು ಧ್ರುವಪ್ರದೇಶದ ಮೇಲೆ ಹಾಯ್ದಿತು. ಇದರಿಂದ ದೂರವು ಬಹಳ ಹೆಚ್ಚುವುದೇ? ಲೆಕ್ಕ ಮಾಡೋಣ. ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವಕ್ಕೆ 52.4 ಡಿಗ್ರಿ; ಧ್ರುವದಿಂದ ಬೆಂಗಳೂರಿಗೆ 76.8, ಒಟ್ಟು 129.2. ಡಿಗ್ರಿಯೊಂದಕ್ಕೆ 111 ಕಿಲೋಮೀಟರಿನಂತೆ ಸುಮಾರು 14,340 ಆಗುವುದು. ನೇರವಾಗಿ ಧ್ರುವದ ಮೇಲೆಯೇ ಹೋದರೂ ಹೆಚ್ಚುವುದು 400ಕ್ಕಿಂತ ಕಡಿಮೆ. ಗಾಳಿಯು ಅನುಕೂಲವಾಗಿದ್ದರೆ ತುಸು ಬಳಸಿನ ದಾರಿಯೇ ಬೇಗ ಮುಟ್ಟಿಸುವುದುಂಟು.

ಇನ್ನು ಕಾಲದ ಲೆಕ್ಕ. ವಿಮಾನವು ಇಳಿದುದು ಜನವರಿ 11ರ ಬೆಳಗಿನ ಜಾವ 3 ಘಂಟೆಯ ಮೇಲೆ. ಗಡಿಯಾರದ ಪ್ರಕಾರ ಇದು ಮೂವತ್ತು ಘಂಟೆಗೂ ಮೀರಿದ ಪ್ರಯಾಣ. ಆದರೆ ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ 13½ ಘಂಟೆ ಮುಂದಿರುವುದು. ಅದನ್ನು ಕಳೆದರೆ ಉಳಿಯುವುದು 17 ಘಂಟೆ ಮತ್ತು ಕೆಲವು ನಿಮಿಷ. 13,993ನ್ನು 17ರಿಂದ ಭಾಗಿಸಿದರೆ ಘಂಟೆಗೆ ಸುಮಾರು 823 ಕಿಲೋಮೀಟರು ವೇಗ. ಈ ವೇಗದಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಹದಿನೈದು ನಿಮಿಷವೂ ಬೇಡ!

ದಾರಿಯು ಹತ್ತಿರವಾದರೂ ಸುಲಭವಲ್ಲ. ಜನವರಿಯಲ್ಲಿ ಧ್ರುವದಲ್ಲಿ ಸೂರ್ಯನು ಮೂಡುವುದೇ ಇಲ್ಲ. ಅಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಇಳಿಯಲು ನಿಲ್ದಾಣಗಳು ವಿರಳ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬಿಸುವ ವಿಮಾನದ ಎಣ್ಣೆಯು ಶೂನ್ಯಕ್ಕಿಂತ 40 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಶೀತದಲ್ಲಿ ಗಟ್ಟಿಯಾಗತೊಡಗುವುದು. ಮೇಲಿನ ಗಾಳಿಯೋ ಅದಕ್ಕಿಂತಲೂ ತಣ್ಣಗಿರಬಲ್ಲದು. ಆದುದರಿಂದ ವಿಮಾನ ನಡೆಸುವವರು ಎಣ್ಣೆಯ ಉಷ್ಣಮಾನವನ್ನು ಎಡೆಬಿಡದೆ ಗಮನಿಸುತ್ತಿರಬೇಕು.

ಅಕ್ಷಾಂಶ, ಉಷ್ಣಮಾನ, ಭಾಗಾಕಾರಗಳನ್ನು ಕೇವಲ ಪರೀಕ್ಷೆಗಾಗಿ ಕಲಿಯುವ ಪಾಠಗಳೆಂದು ಎಣಿಸಬೇಡಿರಿ. ಆ ರಾತ್ರಿ ವಿಮಾನದಲ್ಲಿದ್ದವರೆಲ್ಲರ ಪ್ರಾಣವು ಇಂಥ ಲೆಕ್ಕಗಳನ್ನೇ ನಂಬಿಕೊಂಡಿದ್ದಿತು. ಅವುಗಳ ಹೊಣೆ ನಾಲ್ವರು ಸ್ತ್ರೀಯರ ಕೈಯಲ್ಲಿದ್ದಿತು.