ಒಂದು ಕಾರ್ಡಿನೊಳಗೆ ಮೂರು ಕಾರ್ಡು

ಗಿಟಾರಿನ ತಂತಿಗಳನ್ನು ಒಟ್ಟಿಗೆ ಮೀಟಿದಾಗ ಕೇಳುವ ಸ್ವರಗಳ ಗುಂಪೇ ಕಾರ್ಡ್. 'ಮೇಜರ್ ಕಾರ್ಡ್ ಸಂತೋಷದ್ದು, ಮೈನರ್ ಕಾರ್ಡ್ ದುಃಖದ್ದು' ಎಂದು ಹೇಳಿಕೊಡುವುದುಂಟು. ಇದು ಪೂರ್ತಿ ನಿಜವೇ? ಮಕ್ಕಳ ಕಿವಿಯಿಂದಲೇ ಪರೀಕ್ಷಿಸೋಣ.

ಗಿಟಾರಿನ ತೀರಾ ದಪ್ಪ ತಂತಿ 6ನೆಯದು, ತೀರಾ ತೆಳುವಾದದ್ದು 1ನೆಯದು. 5 ಮತ್ತು 4ನೇ ತಂತಿಗಳನ್ನು ಎರಡನೇ ಮೆಟ್ಟಿಲಿನಲ್ಲಿ ಒತ್ತಿ ಆರೂ ತಂತಿಗಳನ್ನು ಮೀಟಿ. ಇದು ಇ ಮೈನರ್. ಆರು ತಂತಿ ನುಡಿದರೂ ಇರುವುದು ಇ, ಜಿ, ಬಿ ಎಂಬ ಮೂರೇ ಸ್ವರ. ಈಗ 4ನೇ ತಂತಿಯ ಬೆರಳೆತ್ತಿ. ಡಿ ಸೇರಿ ಇ ಮೈನರ್ ಸೆವೆನ್ ಆಯಿತು. ಅದೇ ಬೆರಳನ್ನು 1ನೇ ತಂತಿಯ ಎರಡನೇ ಮೆಟ್ಟಿಲಿಗೆ ಇಟ್ಟರೆ ಎಫ್ ಶಾರ್ಪ್ ಸೇರಿ ಇ ಮೈನರ್ ನೈನ್. ಇ ಸ್ವರವನ್ನು 1 ಎಂದು ಎಣಿಸಿದರೆ ಡಿ 7ನೆಯದು, ಮೇಲಿನ ಸ್ಥಾಯಿಯ ಎಫ್ ಶಾರ್ಪ್ 9ನೆಯದು. ಹೆಸರು ಬಂದದ್ದು ಹೀಗೆ. ಬೆರಳನ್ನು ನೆಟ್ಟಗೆ ನಿಲ್ಲಿಸಿ. ಪಕ್ಕದ ತಂತಿಗೆ ತಾಗಿದರೆ ಅದರ ದನಿ ಸತ್ತುಹೋಗುತ್ತದೆ.

ಗಿಟಾರ್ ಇಲ್ಲದ ಶಾಲೆಯಲ್ಲಿ ಹಾರ್ಮೋನಿಯಂ ಸಾಕು. ಬಿಳಿ 3, ಬಿಳಿ 5, ಬಿಳಿ 7, ಮುಂದಿನ ಸ್ಥಾಯಿಯ ಬಿಳಿ 2 ಮತ್ತು ಕಪ್ಪು 3 ಒಟ್ಟಿಗೆ ಒತ್ತಿ. (ಒಬ್ಬರ ಕೈಗೆ ಎಟುಕದಿದ್ದರೆ ಇಬ್ಬರು ಒತ್ತಲಿ.) ನಡುವಿನ ಕಪ್ಪು ಕೀಲಿಗಳನ್ನೂ ಸೇರಿಸಿ ಅಂತರ ಎಣಿಸಿ: 3, 4, 3, 4 ಸ್ವರಸ್ಥಾನ. ಕೆಳಗೆ 3, ಮೇಲೆ 4 ಇದ್ದರೆ ಮೈನರ್; ಕೆಳಗೆ 4, ಮೇಲೆ 3 ಇದ್ದರೆ ಮೇಜರ್. ಹಾಗಾದರೆ ಇ-ಜಿ-ಬಿ ಮೈನರ್, ಜಿ-ಬಿ-ಡಿ ಮೇಜರ್, ಬಿ-ಡಿ-ಎಫ್ ಶಾರ್ಪ್ ಮತ್ತೆ ಮೈನರ್! 'ದುಃಖದ' ಕಾರ್ಡಿನ ಹೊಟ್ಟೆಯಲ್ಲೇ 'ಸಂತೋಷದ' ಕಾರ್ಡೊಂದು ಕುಳಿತಿದೆ.

ಸ್ವಲ್ಪ ಲೆಕ್ಕವನ್ನೂ ನೋಡೋಣ. ಶುದ್ಧ ಮೈನರ್ ಕಾರ್ಡಿನ ಕಂಪನಗಳ ಅನುಪಾತ 10:12:15. ಇ 164.8 ಹರ್ಟ್ಸ್ ಆದರೆ ಜಿ 197.8 ಇರಬೇಕು; ಗಿಟಾರಿನಲ್ಲಿರುವುದು 196. ಒಂದು ಸ್ಥಾಯಿಯನ್ನು 12 ಸಮಾನ ಅನುಪಾತಗಳಾಗಿ ಹಂಚಿರುವುದರಿಂದ, ಪ್ರತಿ ಮೆಟ್ಟಿಲಿಗೂ ಕಂಪನ ಸುಮಾರು ಶೇ. 6ರಷ್ಟು ಏರುತ್ತದೆ, ಶುದ್ಧ ಅನುಪಾತ ಕೊಂಚ ತಪ್ಪುತ್ತದೆ. ಜೊತೆಗೆ ಜಿ ತಂತಿಯಲ್ಲಿ 392 ಹರ್ಟ್ಸಿನ ಉಪಸ್ವರವೂ ಇದೆ. ಎಫ್ ಶಾರ್ಪ್ 370. ಇವೆರಡೂ ಹತ್ತಿರವಿದ್ದು ಒಂದಕ್ಕೊಂದು ಉಜ್ಜಿದಂತಾಗುತ್ತದೆ. ಈ ಕಾರ್ಡಿನ ಸಣ್ಣ ಒರಟುತನಕ್ಕೆ ಅದೂ ಒಂದು ಕಾರಣ.

ತರಗತಿಯಲ್ಲಿ ಹೆಸರು ಹೇಳದೆ ಈ ಐದು ಸ್ವರಗಳನ್ನು ಕೇಳಿಸಿ, ಅನಿಸಿದ್ದನ್ನು ಒಂದೇ ಪದದಲ್ಲಿ ಬರೆಯಲು ತಿಳಿಸಿ. ಆಮೇಲೆ ಬಿಳಿ 3ರಿಂದ ಮಾತ್ರ ಬೆರಳೆತ್ತಿ ಇನ್ನೊಮ್ಮೆ ಕೇಳಿಸಿ. ಉಳಿದ ನಾಲ್ಕು ಸ್ವರಗಳು ಜಿ ಮೇಜರ್ ಸೆವೆನ್. ಎಷ್ಟು ಮಕ್ಕಳು ತಮ್ಮ ಪದ ಬದಲಾಯಿಸಿದರು, ಎಣಿಸಿ.